ಮೂರು ಸಲ ಹೋದರೂ ಬೀಗ

ನಾನು ಪುತ್ತೂರಿನ ಹತ್ತಿರ ಕಬಕದಲ್ಲಿ ಅಂಗನವಾಡಿ ಟೀಚರ್. ಮತದಾರರ ಪಟ್ಟಿಯ ಕೆಲಸವನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ನಿಯಮ ಬದಲಾಗುವುದು ದೆಹಲಿಯಲ್ಲಿ, ಬೈಗುಳ ಬೀಳುವುದು ಕಬಕದಲ್ಲಿ, ನನಗೆ.

೧. ಪ್ರಾಯ ಇಳಿದ ಅಜ್ಜಿ

ವಿಧಾನಸಭೆ ಚುನಾವಣೆಗೆ ಎಂಬತ್ತು ದಾಟಿದವರು ಮನೆಯಲ್ಲೇ ಮತ ಹಾಕಬಹುದಿತ್ತು. ಎಂಬತ್ತೊಂದರ ಅಜ್ಜಿಯೊಬ್ಬರು ಹೊಸ ಸೀರೆ ಉಟ್ಟು ಮನೆಯ ಚಾವಡಿಯಲ್ಲೇ ಕೂತು ಮತ ಹಾಕಿದ್ದರು. ಮರುವರ್ಷ ಲೋಕಸಭೆಗೆ ಆ ಮಿತಿ ಎಂಬತ್ತೈದಾಯಿತು. ಹೇಳಲು ಹೋದೆ.

“ಹೋದ ವರ್ಷ ನಾನು ಮುದುಕಿ, ಈ ವರ್ಷ ಮುದುಕಿ ಅಲ್ವಾ?”

“ಸರಕಾರದ ಲೆಕ್ಕದಲ್ಲಿ ಇನ್ನೂ ಮೂರು ವರ್ಷ ಉಂಟು ಅಜ್ಜಿ.”

ಅಜ್ಜಿ ಒಳಗಿದ್ದ ಸೊಸೆಯನ್ನು ಕರೆದರು. “ಕೇಳಿತಾ? ನಾನಿನ್ನೂ ಮುದುಕಿ ಆಗ್ಲಿಲ್ಲ. ಮಧ್ಯಾಹ್ನಕ್ಕೆ ಗಂಜಿ ಬೇಡ, ಬಂಗುಡೆ ಮೀನು ಮಾಡು.”

೨. ಬರೀ ಅಪ್ಪ

ಈಗ ಪಟ್ಟಿಯನ್ನೇ ಹೊಸದಾಗಿ ಮಾಡುವ ಕೆಲಸ. ಸಣ್ಣ ಪ್ರಾಯದವರು ಹಳೆಯ ಪಟ್ಟಿಯಲ್ಲಿ ಅಪ್ಪನದೋ ಅಮ್ಮನದೋ ಹೆಸರು ತೋರಿಸಬೇಕು. ಅಳಿಯಸಂತಾನದ ಮನೆಯೊಂದರಲ್ಲಿ ಅಳಿಯನ ಫಾರಂ ತುಂಬುವಾಗ ಸೋದರಮಾವ ಅಡ್ಡಬಂದರು.

“ನನ್ನ ಹೆಸರು ಬರೀರಿ ಟೀಚರೇ. ಈ ಮನೆ ಅವನಿಗೆ ಬರುದು ನನ್ನಿಂದ.”

“ಮಾವ ಆಗುದಿಲ್ಲ. ಅಮ್ಮನ ಹೆಸರು ಹಳೆ ಪಟ್ಟಿಯಲ್ಲಿಲ್ಲ, ಅಪ್ಪನದ್ದೇ ಬೇಕು.”

“ಅವರನ್ನು ಇದಕ್ಕೆಲ್ಲ ಎಂತಕ್ಕೆ ಎಳೆಯುದು? ಪಾಪ, ಅವರು ಬರೀ ಅಪ್ಪ.”

ಪಕ್ಕದಲ್ಲೇ ಚಾ ಕುಡಿಯುತ್ತಿದ್ದ ಅಪ್ಪ ಹೌದೆಂದು ತಲೆಯಾಡಿಸಿದರು.

೩. ಬೀಗ

ಮೂರು ಸಲ ಹೋದರೂ ಯಾರೂ ಸಿಗದಿದ್ದರೆ ‘ಗೈರು’ ಎಂದು ಬರೆಯಬೇಕು. ನನಗೆ ಕೊಟ್ಟ ಬೂತಿನಲ್ಲಿ ಹೆಂಗಸೊಬ್ಬಳೇ ಇರುವ ಒಂದು ಮನೆಗೆ ಯಾವಾಗ ಹೋದರೂ ಬೀಗ. ಈ ಹೆಂಗಸು ಎಲ್ಲಿ ಸುತ್ತುತ್ತಾಳೋ ಎಂದು ಬೈದುಕೊಂಡೇ ‘ಗೈರು’ ಬರೆದೆ.

ಕರಡು ಪಟ್ಟಿ ಬಂತು. ನನ್ನ ಮನೆ ಇರುವ ಪಕ್ಕದ ಬೂತಿನಲ್ಲಿ ನನ್ನ ಹೆಸರೇ ಇಲ್ಲ. ಹದಿನೆಂಟು ತುಂಬಿದಲ್ಲಿಂದ ಒಂದು ಮತವನ್ನೂ ತಪ್ಪಿಸದವಳು ನಾನು. ಸಿಟ್ಟೇ ಬಂತು. ಆ ಬೂತಿನ ಟೀಚರನ್ನು ಹುಡುಕಿಕೊಂಡು ತಾಲೂಕು ಕಚೇರಿಗೆ ಹೋದೆ. ಅವರ ಮುಖ ನೋಡಿದ್ದು ಅದೇ ಮೊದಲು.

“ನನ್ನ ಹೆಸರು ಎಂತಕ್ಕೆ ತೆಗೆದದ್ದು?”

“ಮೂರು ಸಲ ಬಂದೆ. ನಿಮ್ಮ ಮನೆಗೆ ಬೀಗ.”

“ನಾನು ಇದೇ ಕೆಲಸಕ್ಕೆ ಪಕ್ಕದ ಬೂತಿನಲ್ಲಿ ಮನೆ ಮನೆ ಸುತ್ತುತ್ತಿದ್ದೆ.”

“ನಾನೂ ಅದನ್ನೇ ಹೇಳ್ಲಿಕ್ಕೆ ಬಂದದ್ದು. ನನ್ನ ಹೆಸರನ್ನೂ ಯಾರೋ ತೆಗೆದಿದ್ದಾರೆ. ನಿಮ್ಮ ಬೂತಿನಲ್ಲಿ.”

ಆ ಬೀಗದ ಮನೆ ಅವರದ್ದು. ನನ್ನ ಸಿಟ್ಟು ಅಲ್ಲೇ ಇಳಿಯಿತು. ಇಬ್ಬರೂ ಹೆಸರು ಸೇರಿಸುವ ಫಾರಂ ತುಂಬಿ ಕೊಟ್ಟೆವು. ಅಧಿಕಾರಿಗಳು ಎರಡನ್ನೂ ನೋಡಿ ಸಮಾಧಾನ ಹೇಳಿದರು.

“ಎಂತ ಹೆದರಿಕೆ ಇಲ್ಲ. ಮನೆಗೆ ಹೋಗಿ ಜನ ಉಂಟಾ ಅಂತ ನೋಡಿದ್ರೆ ಆಯ್ತು. ನಾಳೆ ಬೆಳಿಗ್ಗೆ ಸರಿಯಾಗಿ ಹತ್ತು ಗಂಟೆಗೆ ನೀವು ಅವರ ಮನೆಗೆ ಹೋಗಿ, ಅವರು ನಿಮ್ಮ ಮನೆಗೆ ಬರ್ಲಿ.”