ಲಿಂಪಿಗೂ ಹಾಬಲಿಗೂ ನಡುವೆ ನಾನು

ಕೆಲವರಿಗೆ ಬಾಯಲ್ಲಿ ಪಾಠ ಹೇಳಲು ಬರುತ್ತದೆ. ನನಗೆ ಬರುವುದು ಮೈಯಲ್ಲಿ ಮಾತ್ರ. ಕಾಪುವಿನಲ್ಲಿ ಇಂಗ್ಲಿಷ್ ಮಾಸ್ತರನಾದ ಹೊಸತರಲ್ಲಿ ‘ಜಂಪ್’ ಕಲಿಸಲು ಹೋಗಿ ಶಾಲೆಯ ಮೇಜಿನ ಕಾಲು ಮುರಿದವನು ನಾನು. ಆದರೂ ಬುದ್ಧಿ ಬರಲಿಲ್ಲ. ಒಂದು ಮಂಗಳವಾರ ಪಾಠದಲ್ಲಿ ‘ಲಿಂಪ್’ ಬಂತು. ಒಂದು ಕಾಲು ಊನವಾದವರ ನಡೆ ಅದು. ಎಡಗಾಲೆಳೆಯುತ್ತಾ ಕ್ಲಾಸಿಗೆ ಮೂರು ಸುತ್ತು ಹಾಕಿದೆ. ಮಕ್ಕಳ ಖುಷಿ ನೋಡಿ ನಾಲ್ಕನೆಯದನ್ನೂ ಹಾಕಿದೆ. ಎರಡೂ ಕಾಲು ನೊಂದು ಪುಟ್ಟ ಪುಟ್ಟ ಹೆಜ್ಜೆಯಲ್ಲಿ ತಡವರಿಸುವ ‘ಹಾಬಲ್’ಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು.

ನಮ್ಮ ಕಡೆ ಹುಡುಗ ಹೆಣ್ಣು ನೋಡಲು ಹೋಗುವ ಮೊದಲೇ ಹೆಣ್ಣಿನ ಸೋದರಮಾವ ಗುಟ್ಟಾಗಿ ಹುಡುಗನನ್ನು ನೋಡಿ ಹೋಗಿರುತ್ತಾರೆ. ನನಗೆ ಮಾತು ನಡೆಯುತ್ತಿದ್ದದ್ದು ಅಂಬಲಪಾಡಿಯ ಸುಮತಿಯ ಜೊತೆ. ಅವಳ ಮಾವ ನಮ್ಮ ಕ್ಲಾಸಿನ ಕಿಟಕಿಯಾಚೆ ನಿಂತದ್ದು ಸರಿಯಾಗಿ ಆ ನಾಲ್ಕನೇ ಸುತ್ತಿಗೆ! ಸಂಜೆಯೇ ಸುದ್ದಿ ಬಂತು: “ಹುಡುಗ ಒಳ್ಳೆಯವನೇ. ಆದರೆ ಕಾಲು ಸರಿ ಇಲ್ಲ.” ಸುಮತಿಯನ್ನು ಒಮ್ಮೆ ಉಡುಪಿಯ ಬಸ್ಸಿನಲ್ಲಿ ಕಂಡು ಮನಸೋತಿದ್ದ ನನಗೆ ಅನ್ನವೇ ಸೇರಲಿಲ್ಲ. ಅಮ್ಮ ಮಾತ್ರ ಜಗ್ಗದೆ ಹೇಳಿ ಕಳುಹಿಸಿದರು: “ಭಾನುವಾರ ಬರ್ತಾನೆ. ನಿಮ್ಮ ಎದುರೇ ನಡೆದು ತೋರಿಸ್ತಾನೆ.”

ಆ ಭಾನುವಾರಕ್ಕೆಂದು ಹೊಸ ಚಪ್ಪಲಿ ಕೊಂಡೆ. ಎಂಥ ಘನಕಾರ್ಯ! ಬಸ್ಸಿಳಿದು ಗದ್ದೆಯ ಬದು ದಾಟುವಷ್ಟರಲ್ಲಿ ಎರಡೂ ಪಾದಗಳ ಹೆಬ್ಬೆರಳ ಸಂದಿ ಸುಲಿದುಹೋಗಿತ್ತು. ಸುಮತಿಯ ಮನೆಯ ಚಾವಡಿಯಲ್ಲಿ ಕುಳಿತವರಲ್ಲಿ ಒಬ್ಬರೂ ನನ್ನ ಮುಖ ನೋಡಲಿಲ್ಲ; ಎಲ್ಲರ ಕಣ್ಣೂ ನನ್ನ ಕಾಲಿನ ಮೇಲೆ.

“ನಾನು ಹೇಳಲಿಲ್ವಾ? ಕುಂಟು ಉಂಟು ಮಾರಾಯ್ರೆ!” ಎಂದರು ಮಾವ.

“ಚಪ್ಪಲಿ ಕಚ್ಚಿದ್ದು...” ಎಂದೆ.

“ಹೌದೌದು. ಕುಣಿಯಲಾರದವಳಿಗೆ ಅಂಗಳ ಡೊಂಕು!”

ಮುಗಿಯಿತು ಕಥೆ ಅಂದುಕೊಂಡೆ. ಆಗ ಬಾಗಿಲ ಮರೆಯಿಂದ ಎಸ್ಸೆಸ್ಸೆಲ್ಸಿ ಪಾಸಾದ ಸುಮತಿಯ ಸ್ವರ ಕೇಳಿತು. “ಮಾವ, ನೀವು ಶಾಲೆಯಲ್ಲಿ ನೋಡಿದ್ದು ಒಂದು ಕಾಲಿನ ಕುಂಟು ಅಲ್ವಾ? ಅದು ಲಿಂಪ್. ಇವತ್ತು ಎರಡು ಕಾಲೂ ಎತ್ತಲಿಕ್ಕೆ ಆಗ್ತಾ ಇಲ್ಲ. ಇದು ಹಾಬಲ್. ನಿಜವಾದ ಕುಂಟು ಐದು ದಿನದಲ್ಲಿ ಬದಲಾಗ್ತದಾ? ಚಪ್ಪಲಿ ಬಿಚ್ಚಿ ನಡೀಲಿಕ್ಕೆ ಹೇಳಿ.”

ಬಿಚ್ಚಿದೆ. ಸುಲಿದ ಬೆರಳು ಉರಿಯುತ್ತಿದ್ದರೂ ಅಂಗಳದ ಆ ತುದಿಯಿಂದ ಈ ತುದಿಗೆ ದೇವಸ್ಥಾನದ ಆನೆಯ ಹಾಗೆ ನಡೆದೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾವನೇ. ನನಗೋ, ನಡೆಯುವುದನ್ನು ನಿಲ್ಲಿಸಲೇ ಮನಸ್ಸಿರಲಿಲ್ಲ.

ಗಂಟೆ ಹೊಡೆದು ಅರ್ಧಕ್ಕೆ ನಿಂತ ನನ್ನ ಪಾಠವನ್ನು ಹೀಗೆ ಸುಮತಿ ಮುಗಿಸಿಕೊಟ್ಟಳು. ಮದುವೆಯಾದಂದಿನಿಂದ ನಮ್ಮ ಮನೆಯಲ್ಲಿ ಇಂಗ್ಲಿಷ್ ಮಾಸ್ತರಿಕೆ ಅವಳದೇ. ನಾನು ಬರೀ ಉದಾಹರಣೆ.