ರೈಲಿಲ್ಲದ ಜಿಲ್ಲೆಯಲ್ಲಿ ನನ್ನ ಗೂಡ್ಸ್ ಡಬ್ಬಿಗಳು

ಹರೆಯದಲ್ಲಿ ಹಾಸನದ ಕಡೆಯ ಒಂದು ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದಾಗ, ತನ್ನಷ್ಟಕ್ಕೆ ತಾನೇ ಉರುಳಿ ಹೊರಟಿದ್ದ ತುಂಬಿದ ವ್ಯಾಗನ್ನನ್ನು ಬರೀ ಭುಜ ಕೊಟ್ಟು ನಿಲ್ಲಿಸಿದವನು ನಾನು. ನೋಡಿದವರು ಸ್ಟೇಷನ್ ಮಾಸ್ಟರು ಮತ್ತು ಗಾರ್ಡು. ಇಬ್ಬರೂ ತೀರಿಕೊಂಡರು. ವ್ಯಾಗನ್ನೂ ಗುಜರಿಗೆ ಹೋಯಿತಂತೆ. ಹಾಗಾಗಿ ನೀವು ನನ್ನ ಮಾತನ್ನೇ ನಂಬಬೇಕು. ಇಂಥವು ನನಗೆ ಆಗುತ್ತಲೇ ಇರುತ್ತವೆ, ಈ ವಯಸ್ಸಿನಲ್ಲೂ ಬಿಟ್ಟಿಲ್ಲ.

ಬಚ್ಚಲ ಒಲೆ

ಈಗ ಕುಶಾಲನಗರದ ಪಕ್ಕದ ನಮ್ಮ ಹಳ್ಳಿಯಲ್ಲಿ ಕೂತು ಆ ಕಾಲದ ಗೂಡ್ಸ್ ಡಬ್ಬಿಗಳನ್ನು ಚಿಕ್ಕದಾಗಿ ಮಾಡುತ್ತೇನೆ. ಸಿಲ್ವರ್ ಓಕ್ ಹಲಗೆಯ ಚೂರು, ಎಣ್ಣೆ ಡಬ್ಬದ ತಗಡು, ಕಾಫಿ ಗಿಡದ ಕೊಂಬೆ ಕೊಯ್ದು ಮಾಡಿದ ಚಕ್ರ. ಶಾಲೆಗೆ ಹೋದವನಲ್ಲ, ಆದರೂ ಅಳತೆ ತಪ್ಪಲ್ಲ: ಅಲ್ಲಿ ಒಂದು ಮೊಳ ಅಂದರೆ ಇಲ್ಲಿ ಒಂದು ಬೆರಳು. ಕೊಡಗಿನಲ್ಲಿ ರೈಲೇ ಇಲ್ಲ. ರೈಲಿನ ವಿಷಯದಲ್ಲಿ ದೊಡ್ಡವನಾಗಲು ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ.

ಅಟ್ಟ ತುಂಬಿತು. ಹಾರಂಗಿ ಹಿನ್ನೀರಿನ ಕಡೆ ಹೋಂಸ್ಟೇ ಇಟ್ಟಿರುವ ಎಸ್ಟೇಟ್ ಸಾವ್ಕಾರ್ರು, ಚೆನ್ನಾಗಿದ್ದರೆ ಹಾಲ್‌ನ ಗಾಜಿನ ಬೀರುವಿನಲ್ಲಿ ಇಡೋಣ ಅಂದರು. ಅದಕ್ಕೆ ನನ್ನ ಹೆಂಡತಿ, “ಅಲ್ಲಿ ಇಟ್ಕೊಂಡ್ರೆ ಸರಿ. ವಾಪಸ್ ಬಂದ್ವೋ, ಒಂದೂ ಬಿಡದೆ ಬಚ್ಚಲ ಒಲೆಗೆ” ಅಂದಳು.

ಅವಳದು ತಮಾಷೆ ಮಾತಲ್ಲ ಕಣ್ರೀ. ಹೋದ ಮಳೆಗಾಲದಲ್ಲಿ ಸೌದೆ ಒದ್ದೆಯಾಗಿದ್ದಾಗ ನನ್ನ ದನ ಸಾಗಿಸುವ ಡಬ್ಬಿಯನ್ನು ಉರಿಗೆ ಇಟ್ಟಿದ್ದಳು. ನೀರು ಇವತ್ತು ಚೆನ್ನಾಗಿ ಕಾದಿದೆ ಅಂತ ಹೊಗಳುತ್ತಾ ಸ್ನಾನ ಮುಗಿಸಿ ಬಂದ ಮೇಲೆ ನನಗೆ ಗೊತ್ತಾಗಿದ್ದು.

ರೈಟರ್ ಬಂದರು

ಮೊದಲು ನೋಡಿಕೊಂಡು ಬರಲು ಸಾವ್ಕಾರ್ರು ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕಳಿಸಿದರು. ಅವರು ಹುಟ್ಟಿದ್ದೂ ಎಸ್ಟೇಟಿನಲ್ಲೇ, ರೈಲು ಹತ್ತಿದವರಲ್ಲ. ಒಂದು ಡಬ್ಬಿ ಎತ್ತಿ, ಲಾರಿ ಬಾಡಿ ನೋಡುವ ಹಾಗೆ ಅಡಿಯೆಲ್ಲ ನೋಡಿದರು. ಸ್ಟೇರಿಂಗ್ ಎಲ್ಲಿ ಅಂದರು. ಇಂಜಿನ್ನಿಗೂ ಇರಲ್ಲ ಅಂದೆ. ಅವರ ಹುಬ್ಬು ಗಂಟಾಯಿತು. ನನಗೆ ಒಲೆಯ ಬೆಂಕಿ ಕಣ್ಣಿಗೆ ಕಟ್ಟಿತು.

“ಅಲ್ಲ ತಾತ, ಮಡಿಕೇರಿ ರೋಡಿನ ತಿರುವಲ್ಲಿ ಎದುರಿಗೆ ಬಸ್ ಬಂತು ಅಂತಿಟ್ಕೊಳ್ಳಿ. ಯಾರು ರಿವರ್ಸ್ ತಗೋಬೇಕು?”

“ಬಸ್ಸೇ” ಅಂದೆ.

ರೈಟರ್ ಡಬ್ಬಿಯನ್ನು ಮೆಲ್ಲಗೆ, ಮರ್ಯಾದೆಯಿಂದ ಕೆಳಗಿಟ್ಟರು. ಹೋಗುವಾಗ ಒಂದು ಕೆಟ್ಟ ಸುದ್ದಿ ಹೇಳಿದರು. ಮೈಸೂರು ಕಡೆಯಿಂದ ರೈಲ್ವೆಯಲ್ಲಿದ್ದು ನಿವೃತ್ತರಾದವರೊಬ್ಬರು ಭಾನುವಾರ ಹೋಂಸ್ಟೇಗೆ ಬರುತ್ತಾರಂತೆ. ಅವರು ಸರಿ ಅಂದರೆ ಮಾತ್ರ ಬೀರು.

ಸಿಲ್ವರ್ ಓಕ್ ಮೇಲೆ ಗಾರ್ಡ್ ಡಬ್ಬಿ

ಶನಿವಾರ ಎಲ್ಲಕ್ಕೂ ಕೆಂಪು ಬಣ್ಣ ಬಳಿದು ಕಾಫಿ ಕಣದಲ್ಲಿ ಒಣಗಲು ಇಟ್ಟೆ. ಬೀಡಿ ಹಚ್ಚಲು ತಲೆ ತಗ್ಗಿಸಿದೆ ಅಷ್ಟೆ, ದೊಡ್ಡ ಕೋತಿಯೊಂದು ಗಾಡಿಯ ಕೊನೆಗಿರಬೇಕಾದ ಗಾರ್ಡ್ ಡಬ್ಬಿ ಎತ್ತಿಕೊಂಡು ಸಿಲ್ವರ್ ಓಕ್ ತುದಿ ಸೇರಿತು. ಗಾರ್ಡ್ ಡಬ್ಬಿ ಇಲ್ಲದ ಗೂಡ್ಸ್ ಗಾಡಿಯನ್ನು ರೈಲ್ವೆಯವರು ಒಪ್ಪುತ್ತಾರಾ? ಕಲ್ಲು ಹೊಡೆದರೆ ಡಬ್ಬಿಗೇ ಬೀಳುತ್ತೆ. ಬೈದರೆ ಅದು ಇನ್ನೂ ಮೇಲೆ ಹೋಗುತ್ತೆ.

ಆಗ ಹೆಂಡತಿ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದಳು. ನನ್ನನ್ನು ಮದುವೆಯಾದಾಗಿನಿಂದ ಒಮ್ಮೆಯೂ ಕರೆಯದ ದನಿಯಲ್ಲಿ ಕೋತಿಯನ್ನು “ಬಾರಪ್ಪಾ, ಬಾ ರಾಜಾ” ಅಂತ ಕರೆದಳು. ಕೋತಿ ಹಣ್ಣು ನೋಡಿ ಕೈ ಸಡಿಲಿಸಿತು. ತುದಿಯಿಂದ ಬಿದ್ದ ಡಬ್ಬಿಯನ್ನು ನಾನು ಹಾರಿ, ಗಾಳಿಯಲ್ಲೇ ಒಂದು ಸುತ್ತು ತಿರುಗಿ ಹಿಡಿದೆ. ಬೇಕಾದರೆ ಆ ಕೋತಿಯನ್ನೇ ಕೇಳಿ.

ಕೊನೆಗೂ ನನ್ನ ಕೆಲಸದ ಬೆಲೆ ನಿನಗೆ ಗೊತ್ತಾಯ್ತಲ್ಲ ಅಂದೆ.

“ನನ್ನ ಸೌದೆ ಅದು” ಅಂದಳು. “ಕೋತಿಗ್ಯಾಕೆ ಬಿಡ್ಲಿ?”

ಆ ಕಡೆ

ಭಾನುವಾರ ಹೋಂಸ್ಟೇ ಹಾಲ್‌ನಲ್ಲಿ ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದೆ. ಹೊರಗೆ ಜೀಪಿನಲ್ಲಿ ರೈಟರ್ ಖಾಲಿ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ಕಾಯುತ್ತಿದ್ದರು, ವಾಪಸ್ ಒಯ್ಯಬೇಕಾದರೆ ಬೇಕಲ್ಲ ಅಂತ. ರೈಲ್ವೆಯವರು ಜೇಬಿನಿಂದ ಭೂತಗನ್ನಡಿ ತೆಗೆದರು. ಅವರು ಬಗ್ಗಿ ನೋಡುತ್ತಿದ್ದಷ್ಟು ಹೊತ್ತೂ ನಾನೇ ಮಾತಾಡಿದೆ: ಇಂಥ ಡಬ್ಬಿಗಳಲ್ಲಿ ಮೂಟೆ ಜೋಡಿಸಿದ್ದು, ಒಳಗೇ ಉಂಡಿದ್ದು, ಒಳಗೇ ಮಲಗಿದ್ದು.

“ಕೊಂಡಿ ಸರಿಯಾಗಿದೆ” ಅಂದರು. “ಬಫರ್ ಸರಿ. ಸ್ಪ್ರಿಂಗ್ ಕೂಡ ಸರಿ.”

ಸಾವ್ಕಾರ್ರ ಮುಖ ಅರಳಿತು. ಅಷ್ಟರಲ್ಲಿ ರೈಲ್ವೆಯವರು ಒಂದು ಡಬ್ಬಿಯನ್ನು ತಿರುಗಿಸಿದರು. ಇನ್ನೊಂದನ್ನು ತಿರುಗಿಸಿದರು. ಆಮೇಲೆ ಎಲ್ಲವನ್ನೂ. ಹಿಂಬದಿಯಲ್ಲಿ ಈ ತುದಿಯಿಂದ ಆ ತುದಿಗೆ ಬರೀ ಹಲಗೆ.

“ಯಜಮಾನ್ರೇ, ಮುಚ್ಚಿದ ವ್ಯಾಗನ್ನಿಗೆ ಎರಡೂ ಬದಿಗೆ ಬಾಗಿಲಿರುತ್ತೆ. ಒಂದೇ ಒಂದು ಸಲ ಒಳಗೆ ಹೋಗಿದ್ರೂ ಎದುರಿನ ಬಾಗಿಲು ಕಾಣ್ಬೇಕಿತ್ತು. ನೀವು ಮೂಟೆ ಹೊತ್ತವರಲ್ಲ. ಪ್ಲಾಟ್‌ಫಾರಂ ಮೇಲೆ ನಿಂತು ನೋಡಿದವರು.”

ಸಾವ್ಕಾರ್ರು ನನ್ನ ಮುಖ ನೋಡಿದರು, ಆಮೇಲೆ ಕಿಟಕಿಯಾಚೆ ಜೀಪು ನೋಡಿದರು.

“ಹಾಗಾದ್ರೆ ವಾಪಸ್ ಕಳಿಸೋದಾ?”

ನಾನು ಭುಜ ಹಾರಿಸಿದೆ.

“ನಿಮ್ಮ ಬೀರು ಗೋಡೆಗೆ ಒತ್ತಿಕೊಂಡಿದೆ ಸಾವ್ಕಾರ್ರೇ” ಅಂದೆ. “ ಆ ಕಡೆ ಬಾಗಿಲಿಟ್ಟು ಮೂಟೆ ಎಲ್ಲಿ ಇಳಿಸೋದು?”

ರೈಲ್ವೆಯವರು ಭೂತಗನ್ನಡಿ ಜೇಬಿಗಿಳಿಸಿ, ಮೊದಲ ಡಬ್ಬಿಯನ್ನು ಬಾಗಿಲು ಮುಂದಾಗುವಂತೆ ತಿರುಗಿಸಿ ತಾವೇ ಬೀರುವಿನೊಳಗೆ ಇಟ್ಟರು.