ಖರ್ಚಿಲ್ಲದೆ ತಗ್ಗಿದ ಕಾರು

ಕಾರು ಕೊಳ್ಳುವವರು ಊರಿಗೆ ಸಾವಿರ ಮಂದಿ ಇರಬಹುದು. ಆದರೆ ಕೊಂಡ ಕಾರನ್ನು ನೆಲಕ್ಕೆ ಮುತ್ತಿಡುವಷ್ಟು ತಗ್ಗಿಸಿ, ಒಳಗೆ ಕೂತವರ ಹೊಟ್ಟೆಯ ನೀರು ಅಲ್ಲಾಡದ ಹಾಗೆ ಓಡಿಸಿ, ಅದೂ ಬಿಡಿಗಾಸು ಖರ್ಚಿಲ್ಲದೆ, ಸೈ ಎನಿಸಿಕೊಳ್ಳುವ ಗಂಡು ನಾನೊಬ್ಬನೇ ಎಂದು ಆ ಭಾನುವಾರ ಹಲ್ಲುಜ್ಜುತ್ತಾ ತೀರ್ಮಾನಿಸಿದೆ!

ನನ್ನದು ಸೆಕೆಂಡ್ ಹ್ಯಾಂಡ್ ಆದರೂ ಐಷಾರಾಮಿ ಕಾರು. ಚರ್ಮದ ಸೀಟು, ಒಳಗೆಲ್ಲ ಮರದ ಹೊಳಪು, ಬಾಗಿಲು ಹಾಕಿದರೆ ‘ಧಪ್’ ಎಂಬ ಶ್ರೀಮಂತ ಸದ್ದು. ಇದ್ದ ಒಂದೇ ಕೊರತೆ ಅದರ ಎತ್ತರ. ಪಕ್ಕದಿಂದ ನೋಡಿದರೆ ಕೊಚ್ಚೆ ದಾಟಲು ಪ್ಯಾಂಟು ಎತ್ತಿ ಹಿಡಿದವನ ಹಾಗೆ ಕಾಣುತ್ತಿತ್ತು. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನ ಕಾರೋ, ನೆಲಕ್ಕಂಟಿಕೊಂಡು ಹೊಂಚು ಹಾಕಿದ ಹುಲಿ! ದಿನಾ ಅದರ ಪಕ್ಕದಲ್ಲೇ ನಿಲ್ಲಿಸಬೇಕು ನಾನು.

“ತಗ್ಗಿಸಿದ್ರೆ ಏನ್ ಬರುತ್ತೆ?” ಎಂದಳು ಹೆಂಡತಿ.

“ಗಾಂಭೀರ್ಯ ಕಣೇ, ಗಾಂಭೀರ್ಯ! ಬಿಡಿಗಾಸು ಖರ್ಚಿಲ್ಲದೆ ತಗ್ಗಿಸ್ತೀನಿ, ಸವಾರಿನೂ ಸುಖವಾಗಿರುತ್ತೆ. ನೋಡ್ತಿರು!”

“ಈ ಕಾರು ತಗೊಂಡಿದ್ದು ನಮ್ಮಮ್ಮನ ಸೊಂಟಕ್ಕೋಸ್ಕರ. ನಿಮ್ಮ ಕಿತಾಪತಿಯಿಂದ ಆ ಸೊಂಟಕ್ಕೆ ಏನಾದ್ರೂ ಆಯ್ತೋ, ಕಾರು ಮಾರಾಟ! ನಿಮಗೆ ಹಳೇ ಸ್ಕೂಟರ್ರೇ ಗತಿ.”

ಅತ್ತೆ ನಮ್ಮ ಜೊತೆಯಲ್ಲೇ ಇರುವವರು. ಅವರ ಸೊಂಟವೇ ನಮ್ಮ ಮನೆಯ ಸರ್ವೋಚ್ಚ ನ್ಯಾಯಾಲಯ. ಅದರ ತೀರ್ಪಿಗೆ ಮೇಲ್ಮನವಿ ಇಲ್ಲ.

ಗ್ಯಾರೇಜಿನವನನ್ನು ಕೇಳಿದೆ. “ಇರೋ ಸ್ಪ್ರಿಂಗ್ ಕತ್ತರಿಸಿದ್ರೆ ಅಗ್ಗ ಸಾರ್, ಆದ್ರೆ ಕೂತವರ ಹಲ್ಲು ಉದುರುತ್ತೆ. ಒಳ್ಳೇ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಹಾಕಿಸಿದ್ರೆ ಸವಾರಿ ಬೆಣ್ಣೆ. ಆದ್ರೆ ರೇಟು ಕೇಳಿದ್ರೆ ನಿಮ್ಮ ಹಲ್ಲು ಉದುರುತ್ತೆ!”

ಎರಡೂ ಕಡೆ ಹಲ್ಲಿಗೇ ಸಂಚಕಾರ. ಬಾಯಿ ಮುಚ್ಚಿಕೊಂಡು ಬಂದೆ. ಆಗ ಹೊಳೆಯಿತು ನೋಡಿ! ಸ್ನಾನದ ಮನೆಗೆ ಟೈಲ್ಸ್ ತಂದ ದಿನ ಡಿಕ್ಕಿ ತುಂಬಿದ್ದಕ್ಕೆ ಕಾರು ಎಷ್ಟು ಚೆಂದ ತಗ್ಗಿತ್ತು! ಸವಾರಿಯೂ ತೊಟ್ಟಿಲು ತೂಗಿದಂತಿತ್ತು. ಭಾರ ಹೇರಿದರೆ ಕಾರು ತಗ್ಗುತ್ತದೆ, ಕುಲುಕಾಟವೂ ಕಡಿಮೆಯಾಗುತ್ತದೆ. ಇಷ್ಟು ಸರಳ ಸತ್ಯ ಕಾರು ಕಟ್ಟುವ ಮಹಾ ಮೇಧಾವಿಗಳಿಗೇ ಹೊಳೆಯಲಿಲ್ಲವಲ್ಲ ಎಂದು ಅವರ ಬಗ್ಗೆ ಕನಿಕರವಾಯಿತು.

ಅಂದೇ ಮಧ್ಯಾಹ್ನ ಮನೆಯವರೆಲ್ಲ ಗೊರಕೆ ಹೊಡೆಯುತ್ತಿದ್ದಾಗ ಕಾರ್ಯಾಚರಣೆ ಶುರು. ಉಳಿದ ಟೈಲ್ಸ್, ನನ್ನ ಡಂಬೆಲ್‌ಗಳು, ಹೆಂಡತಿಯ ಹೊಲಿಗೆ ಯಂತ್ರ, ಹಳೇ ಗ್ರೈಂಡರಿನ ಕಲ್ಲು, ಒಂದೊಂದಾಗಿ ಡಿಕ್ಕಿ ಸೇರಿದವು. ಕಾರು ಮೂತಿ ಮೇಲೆತ್ತಿತು. ಮುಂದಿನ ಸೀಟಿನಡಿ ಎರಡು ಹಳೇ ಬ್ಯಾಟರಿ ತುರುಕಿ ಮೂತಿ ಇಳಿಸಿದೆ. ಒಂದು ಸುತ್ತು ಓಡಿಸಿ ನೋಡಿದರೆ, ತಿರುವಿನಲ್ಲಿ ಡಿಕ್ಕಿಯೊಳಗೆ ಕಲ್ಲು ಉರುಳಿ ಗುಡುಗಿತು. ತಳಕ್ಕೆ ಸಮತಟ್ಟಾದ ಹಲಗೆ ಬೇಕಲ್ಲ? ಹುಡುಕಿದೆ. ಅತ್ತೆಯ ಮಂಚದಲ್ಲಿ, ಹಾಸಿಗೆಯಡಿ, ಹೇಳಿ ಮಾಡಿಸಿದಂಥ ದಪ್ಪ ಹಲಗೆ! ಬಡಗಿ ಮರೆತು ಬಿಟ್ಟುಹೋಗಿರಬೇಕು ಎಂದುಕೊಂಡು, ಸಂಜೆ ಅವರು ಟೀವಿ ನೋಡುವಾಗ ಎಗರಿಸಿದೆ.

“ರೀ, ನನ್ನ ಹೊಲಿಗೆ ಮಿಷನ್ ಎಲ್ಲಿ?”

“ರಿಪೇರಿಗೆ ಕೊಟ್ಟಿದೀನಿ.”

“ಕೆಟ್ಟೇ ಇರ್ಲಿಲ್ಲವಲ್ಲ!”

“ಕೆಡೋಕೆ ಮುಂಚೇನೇ ಕೊಡ್ಬೇಕು ಕಣೇ. ಅದೇ ಜಾಣತನ!”

ಒಂದು ವಾರ ಆಫೀಸಿನಲ್ಲಿ ನಾನೇ ರಾಜ. ಪಕ್ಕದ ಮೇಜಿನವನು ಬಗ್ಗಿ ಬಗ್ಗಿ ನೋಡಿ, “ಯಾವ ಸ್ಪ್ರಿಂಗು ಹಾಕಿಸಿದ್ರಿ?” ಎಂದ. “ಅದೆಲ್ಲ ಹೇಳೋ ಹಾಗಿಲ್ಲ” ಎಂದು ಮೀಸೆ ತಿರುವಿದೆ. ಮನೆಯಲ್ಲಿ ಮಾತ್ರ ಅದೇ ವಾರ ಅತ್ತೆಯ ಸೊಂಟ ಹಿಡಿದುಕೊಂಡಿತು. ಶನಿವಾರ ಡಾಕ್ಟರ ಬಳಿ ಹೊರಟೆವು. ಹಿಂದಿನ ಸೀಟಿನಲ್ಲಿ ತಾಯಿ, ಮಗಳು. ಕಾರು ತೇಲಿತು!

“ಅಳಿಯಂದಿರೇ, ಮನೇಲಿ ಹಾಸಿಗೆ ಮೇಲೂ ಇಷ್ಟು ಹಾಯಾಗಿರ್ಲಿಲ್ಲಪ್ಪ” ಎಂದರು ಅತ್ತೆ. ನಾನು ಕನ್ನಡಿಯಲ್ಲಿ ಹೆಂಡತಿಯತ್ತ ವಿಜಯದ ನಗೆ ಬೀರಿದೆ.

ಡಾಕ್ಟರು ಅತ್ತೆಯನ್ನು ಬಗ್ಗಿಸಿ, ಎಬ್ಬಿಸಿ, ತಲೆ ಕೆರೆದುಕೊಂಡರು. “ಗುಣ ಆಗಿತ್ತಲ್ಲಮ್ಮ, ಮತ್ತೆ ಹೇಗೆ ಬಂತು? ಹಾಸಿಗೆ ಕೆಳಗೆ ಹಲಗೆ ಹಾಕಿ ಅಂದಿದ್ದೆ. ಹಾಕಿದೀರಿ ತಾನೆ?”

“ಅಳತೆ ಕೊಟ್ಟು ಮಾಡಿಸಿ ನಾನೇ ಹಾಕಿದೀನಿ ಡಾಕ್ಟ್ರೇ” ಎಂದಳು ಹೆಂಡತಿ.

ಬಡಗಿ ಮರೆತು ಬಿಟ್ಟದ್ದಲ್ಲ ಅದು! ಆ ಗಳಿಗೆಯಲ್ಲಿ ಕಾರೂ ಬೇಡ, ಗಾಂಭೀರ್ಯವೂ ಬೇಡ. ಹೇಗಾದರೂ ಮನೆ ತಲುಪಿ, ಯಾರ ಕಣ್ಣಿಗೂ ಬೀಳದೆ ಆ ಹಲಗೆಯನ್ನು ಹಾಸಿಗೆಯಡಿ ತೂರಿಸಿಬಿಟ್ಟರೆ ಬದುಕಿಕೊಂಡೆ.

ನಮ್ಮ ಅಪಾರ್ಟ್‌ಮೆಂಟಿನ ಗೇಟಿನವರೆಗೂ ದೇವರು ನನ್ನ ಕಡೆಗಿದ್ದ. ಗೇಟಿನಲ್ಲಿ ಹೊಚ್ಚಹೊಸ ಹಂಪ್! ಬೆಳಿಗ್ಗೆ ನಾವು ಹೊರಡುವಾಗ ಇರಲಿಲ್ಲ. ಡಾಂಬರಿನ್ನೂ ಬೆಚ್ಚಗಿತ್ತು. ಹಾಕಿಸಿದ ಪಾಪಿ ಯಾರು ಅನ್ನುತ್ತೀರಾ? ನಿವಾಸಿಗಳ ಸಂಘದ ಸಭೆಯಲ್ಲಿ ಮೇಜು ಗುದ್ದಿ, “ಗೇಟಿನಲ್ಲಿ ಎತ್ತರದ ಹಂಪ್ ಬೇಕೇ ಬೇಕು!” ಎಂದು ಗಂಟಲು ಹರಿದುಕೊಂಡವನು ನಾನೇ. ಮುಂದಿನ ಚಕ್ರ ದಾಟಿತು. ‘ಕರ್ರ್ರ್’ ಎಂದು ಕಾರು ಹೊಟ್ಟೆಯ ಮೇಲೆ ಕೂತೇಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮಾಡಿದ್ದುಣ್ಣೋ ಮಹರಾಯ!

ಹಿಂದೆ ನಾಲ್ಕಾರು ಕಾರುಗಳ ಹಾರ್ನು. ಬಾಲ್ಕನಿಗಳಲ್ಲಿ ಪ್ರೇಕ್ಷಕರು. ಹೆಂಡತಿ, ಅತ್ತೆ ಇಳಿದರು. ಕಾರು ಜಪ್ಪಯ್ಯ ಅನ್ನಲಿಲ್ಲ.

“ಡಿಕ್ಕೀಲಿ ಏನಾದ್ರೂ ಭಾರ ಇದ್ಯಾ ಸಾರ್?” ಎನ್ನುತ್ತಾ ವಾಚ್‌ಮನ್ ತೆರೆದೇಬಿಟ್ಟ.

“ನನ್ನ ಹೊಲಿಗೆ ಮಿಷನ್!” ಹೆಂಡತಿಯ ದನಿ ಮೇಲಿನ ಮಹಡಿಯವರೆಗೂ ಕೇಳಿಸಿತು. “ಓಹೋ, ಇಲ್ಲಿ ನಡೀತಿದ್ಯಾ ರಿಪೇರಿ?”

ಡಂಬೆಲ್ ಇಳಿಯಿತು. ಕಲ್ಲು ಇಳಿಯಿತು. ಟೈಲ್ಸ್ ಇಳಿಯಿತು. ಕಾರು ನಿಟ್ಟುಸಿರು ಬಿಟ್ಟು ಮೇಲೆದ್ದಿತು.

“ಸಾಕು! ಸಾಕು! ಡಿಕ್ಕಿ ಮುಚ್ಚಪ್ಪಾ!” ಎಂದು ಕಿರುಚಿ ಅಡ್ಡ ನಿಂತೆ.

“ಇನ್ನೊಂದು ಹಲಗೆ ಇದೆ ಸಾರ್” ಎಂದು ನನ್ನ ಕಂಕುಳಡಿಯಿಂದಲೇ ಎಳೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ ಪುಣ್ಯಾತ್ಮ!

ಹಾರ್ನುಗಳೂ ನಿಂತವು. ಹೆಂಡತಿ ಹಲಗೆ ನೋಡಿದಳು, ಅಮ್ಮನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಮೊದಲು ಬಾಯಿಬಿಟ್ಟವರು ಅತ್ತೆ: “ಅದಕ್ಕೇ ಕಾರಲ್ಲಿ ಅಷ್ಟು ಹಾಯಾಗಿತ್ತು! ಹಲಗೆ ಬೆನ್ನ ಹಿಂದೇನೇ ಇತ್ತಲ್ಲ!”

ಅವರು ನಕ್ಕದ್ದರಿಂದ ಕಾರು ಮಾರಾಟವಾಗುವುದು ತಪ್ಪಿತು. ಆದರೆ ಕೀ ಹೆಂಡತಿಯ ಕೈಸೇರಿತು. ನಾನು ಸಾಮಾನು ಹೊತ್ತು ಲಿಫ್ಟಿನತ್ತ ಹೊರಟೆ.

“ಲಿಫ್ಟ್ ಬೇಡ. ಅಷ್ಟು ಭಾರಕ್ಕೆ ಅದೂ ತಗ್ಗಿಬಿಟ್ರೆ? ಮೆಟ್ಟಿಲಲ್ಲಿ ಹೊರಿ!” ಎಂದಳು.

ಹೊತ್ತೆ. ಕೊನೆಯ ಸಾಮಾನು ಗ್ರೈಂಡರಿನ ಕಲ್ಲು. ಅದನ್ನು ಅಡುಗೆಮನೆಯಲ್ಲಿಟ್ಟು ಎದ್ದು ನಿಲ್ಲಲು ಹೋದರೆ ಸೊಂಟ ‘ಕಟಕ್’ ಎಂದಿತು. ಬಗ್ಗಿದವನು ಬಗ್ಗಿದಂತೆಯೇ ಉಳಿದೆ! ಮಾರನೆಯ ಬೆಳಿಗ್ಗೆ ಅದೇ ಡಾಕ್ಟರ ಬಳಿ ಪಯಣ. ಹಿಂದಿನ ಸೀಟಿನಲ್ಲಿ ಇಂಗ್ಲಿಷಿನ ‘ಯು’ ಅಕ್ಷರದಂತೆ ನಾನು, ಬೆನ್ನಿಗೆ ಅತ್ತೆ ಪ್ರೀತಿಯಿಂದ ಒರಗಿಸಿ ಕಳಿಸಿದ ಅದೇ ಹಲಗೆ. ಹೆಂಡತಿ ಖಾಲಿ ಕಾರನ್ನು ನನ್ನ ಹಂಪಿನ ಮೇಲೆ ಧಡಾರನೆ ಹಾರಿಸಿದಳು. “ಅಯ್ಯಯ್ಯೋ!” ಎಂದೆ.

ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದಳು: “ಬಿಡಿಗಾಸು ಖರ್ಚಿಲ್ಲದೆ ಎಷ್ಟು ಚೆನ್ನಾಗಿ ತಗ್ಗಿದೀರಿ, ರೀ! ಸವಾರಿ ಸುಖವಾಗಿದೆ ತಾನೆ?”